ಬನ್ನಿಯ ಬಂಗಾರ

ಹಬ್ಬದ ದಿನ ಪರಸ್ಪರ ಶುಭವನ್ನು ಕೋರುವ ಸಂಪ್ರದಾಯವು ಅನೇಕ ದೇಶಗಳಲ್ಲಿ ಉಂಟು. ಸ್ಪೇನ್ ದೇಶದವರು ಕ್ರಿಸ್‌ಮಸ್ಸಿನಲ್ಲಿ ‘ಫೆಲಿಸ್ ನಾವಿದಾದ್’ ಎನ್ನುವರು. ‘ನಾವಿದಾದ್’ ಎಂದರೆ ಜನನ. ಅದರ ಲ್ಯಾಟಿನ್ ಮೂಲವೂ ನಮ್ಮ ಸಂಸ್ಕೃತದ ‘ಜಾತ’ ಶಬ್ದವೂ ಒಂದೇ ಬೇರಿನ ಕುಡಿಗಳು. ಕ್ರಿಸ್ತಜನನದ ಕಥೆಯು ಆ ಹಾರೈಕೆಯಲ್ಲಿ ಅಡಗಿದೆ.

ನಮ್ಮ ಟಿ.ಬಿ. ಡ್ಯಾಂ, ಹೊಸಪೇಟೆ, ಕಂಪ್ಲಿಗಳ ಸೀಮೆಯಲ್ಲಿ ವಿಜಯದಶಮಿಯಂದು ಕಿರಿಯರು ಹಿರಿಯರ ಕೈಗೆ ಬನ್ನಿಯ ಎಲೆಯನ್ನಿತ್ತು, ಕಾಲಿಗೆರಗಿ, ‘ಬನ್ನಿ ತಗೊಂಡು ಬಂಗಾರದಂಗಿರೋಣ’ ಎನ್ನುವರು. ಇದರಲ್ಲಿಯೂ ಕಥೆಗಳುಂಟು. ಅಜ್ಞಾತವಾಸಕ್ಕೆ ಹೊರಟ ಪಾಂಡವರು ಆಯುಧಗಳನ್ನು ಬಚ್ಚಿಟ್ಟುದು ಶಮೀವೃಕ್ಷದಲ್ಲಿ. ರಘುಮಹಾರಾಜನಿಗಾಗಿ ಕುಬೇರನು ಹೊನ್ನಿನ ಮಳೆಗರೆದುದೂ ಅದರ ಮೇಲೆಯೇ ಎಂದು ಪ್ರತೀತಿ. ‘ಶಮೀ’ ಶಬ್ದವನ್ನು ‘ಶಮ್’ ಧಾತುವಿನಿಂದ ಸಾಧಿಸುವರು. ಶಾಂತವಾಗುವುದೆಂದು ಅದರ ಅರ್ಥ.

1520ರ ಸುಮಾರಿಗೆ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು ವಿಜಯನಗರದ ಮಹಾನವಮಿಯ ಆನೆಕುದುರೆಗಳನ್ನೂ ರತ್ನಾಭರಣಗಳನ್ನೂ ಕಂಡು ಬೆರಗಾಗಿ ಬರೆದಿಟ್ಟನು. ಆ ವೈಭವವು ಅಳಿದು ಹಂಪೆಯಲ್ಲಿ ಬರಿಯ ಮಹಾನವಮಿ ದಿಬ್ಬವು ನಿಂತಿದೆ. ಎಲೆಯ ಬಂಗಾರವಾದರೋ ಮನೆಮನೆಯಲ್ಲಿ ಉಳಿದಿದೆ.

ವರ್ಷವೆಲ್ಲ ಮಾತು ಬಿಟ್ಟಿದ್ದ ದಾಯಾದಿಗಳು ಅಂದು ಬನ್ನಿಯನ್ನು ಕೊಟ್ಟುಕೊಂಡು ಒಂದಾದುದನ್ನು ನಾವು ಕಂಡಿದ್ದೇವೆ. ಈಗ ಮೊಬೈಲಿನಲ್ಲಿ ಎಲೆಯ ಚಿತ್ರವನ್ನು ಕಳುಹಿಸಿ ಸುಮ್ಮನಾಗುವವರುಂಟು. ದೂರದವರಿಗೆ ಅದು ಸಾಕು. ನೆರೆಮನೆಯವರಿಗೆ ಮಾತ್ರ ಎಲೆಯನ್ನೇ ಕೊಡಬೇಕು. ಕೊಡಬೇಕಾದರೆ ಅವರ ಹೊಸ್ತಿಲನ್ನು ದಾಟಲೇಬೇಕಷ್ಟೆ.