ಇಗರ್ಜಿ ಎಂದರೆ ಯಾರು?



ನವೆಂಬರ್ 9 ರೋಮಿನ ಲಾತೆರಾನ್ ಮಹಾದೇವಾಲಯದ ಪ್ರತಿಷ್ಠಾಪನೆಯ ಹಬ್ಬ. ಭಟ್ಕಳ, ಹೊನ್ನಾವರ, ಕುಮಟಾಗಳ ನಮ್ಮ ಕೊಂಕಣಿ ಮನೆಗಳಲ್ಲಿ ದೇವಾಲಯಕ್ಕೆ 'ಇಗರ್ಜಿ' ಎನ್ನುತ್ತೇವೆ. ಈ ಪದ ಪೋರ್ಚುಗೀಸರ 'ಇಗ್ರೇಜಾ'ದಿಂದ ಬಂದದ್ದು. ಅದರ ಬೇರು ಲತೀನಿನ ಮೂಲಕ ಗ್ರೀಕಿನ 'ಎಕ್ಲೇಸಿಯಾ'. ದೂರದ ಐರಿಷ್ ಭಾಷೆಯ 'ಅಗ್ಲಿಶ್' ಕೂಡ ಅದೇ ಬೇರಿನ ಚಿಗುರು. 'ಎಕ್ಲೇಸಿಯಾ' ಎಂದರೆ ಮೂಲದಲ್ಲಿ ಕಟ್ಟಡವಲ್ಲ, ಕರೆದು ಕೂಡಿಸಿದ ಜನ. ಬಂಡೆಯ ಮೇಲೆ ಕಟ್ಟುವೆನೆಂದು ಯೇಸುಸ್ವಾಮಿ ಪೇತ್ರನಿಗೆ ಹೇಳಿದ್ದು ಇದನ್ನೇ (ಮತ್ತಾಯ 16:18).

ಹಾಗಾದರೆ ಸುಣ್ಣ ಬಳಿದು ತೋರಣ ಕಟ್ಟಿದ ಮಾತ್ರಕ್ಕೆ ಇಗರ್ಜಿ ಸಿದ್ಧವಾಗದು. ಮಾತು ಬಿಟ್ಟ ಅಣ್ಣತಮ್ಮಂದಿರು, ದೋಣಿಯ ಸಾಲಕ್ಕೆ ನಾಚಿ ಮನೆಯಲ್ಲೇ ಉಳಿದವರು ಬಾರದಿದ್ದರೆ ನಮ್ಮ ಇಗರ್ಜಿ ಅಪೂರ್ಣ. ಹಬ್ಬಕ್ಕೆ ಮುನ್ನ ಅಂಥ ಒಬ್ಬರ ಬಾಗಿಲನ್ನಾದರೂ ತಟ್ಟೋಣ. ಕರೆಯುವವರು ದೇವರು, ಆ ಕರೆಯನ್ನು ಮುಟ್ಟಿಸಬೇಕಾದವರು ನಾವು.