ಕಾಲಿದ್ದವರು ಹಂಪಿಗೆ ಹೋದರು, ಕಣ್ಣಿದ್ದವರು ಎಲ್ಲಿ?

“ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು.” ಈ ಗಾದೆ ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ಹಂಪಿ ದೊಡ್ಡದು, ಸುತ್ತಲು ಕಾಲು ಗಟ್ಟಿ ಇರಬೇಕು. ಕನಕಗಿರಿ ಸಣ್ಣದು, ಆದರೆ ಕನಕಾಚಲಪತಿ ಗುಡಿಯ ಕೆತ್ತನೆ ನೋಡಲು ಕಣ್ಣು ಬೇಕು. ಕನಕಗಿರಿ ನಾಯಕರ ಕಾಲದ ಗುಡಿಗೆ ಜನರೇ ಬರೆದುಕೊಟ್ಟ ಸರ್ಟಿಫಿಕೇಟು ಇದು. ಒಂದು ಸಾಲಿನ ಪ್ರವಾಸ ಸಾಹಿತ್ಯ ಅಂದರೂ ಸರಿ.

ಆದರೆ ಆದದ್ದೇನು? ಕಾಲಿದ್ದವರು ಹಂಪಿಗೆ ಹೋದರು. ಕಣ್ಣಿದ್ದವರೂ ಅವರ ಹಿಂದೆಯೇ ಹೋದರು!

ಇದು ಇಂದು ನಿನ್ನೆಯ ಮಾತಲ್ಲ. 1443ರಲ್ಲಿ ಪರ್ಷಿಯಾದಿಂದ ಅಬ್ದುಲ್ ರಜಾಕ್ ಬಂದ, ವಿಜಯನಗರ ನೋಡಿ ಬೆರಗಾಗಿ ಬರೆದ. ಕೃಷ್ಣದೇವರಾಯನ ಕಾಲದಲ್ಲಿ ಪೋರ್ಚುಗೀಸರ ಪಾಯೆಸ್ ಬಂದ, ಅವನೂ ಬರೆದ. ಕನ್ನಡದ ಪ್ರವಾಸ ಸಾಹಿತ್ಯದಲ್ಲಿ ಮೊದಲ ಸಾಲಿಗೆ ಸೇರುವ ವಿ. ಸೀತಾರಾಮಯ್ಯನವರ ‘ಪಂಪಾಯಾತ್ರೆ’ ಕೂಡ ಹಂಪಿಯದೇ. ತುಂಗಭದ್ರೆಯ ಈಚೆ ದಡಕ್ಕೆ ದಾಟಿದ ಲೇಖನಿ ಆನೆಗೊಂದಿ ತನಕ ಬಂತು, ಬಹಳವೆಂದರೆ ಅಂಜನಾದ್ರಿಯ 575 ಮೆಟ್ಟಿಲು ಹತ್ತಿತು. ಅಲ್ಲಿಂದ ಮುಂದೆ ಗಂಗಾವತಿ ಎಂದರೆ ಅಕ್ಕಿ, ಕುಷ್ಟಗಿ ಎಂದರೆ ಹೆದ್ದಾರಿ, ಯಲಬುರ್ಗಾ ಎಂದರೆ ಬರಗಾಲ. ಮುಗಿಯಿತು ವರ್ಣನೆ.

ಒಂದು ಕಾಲಕ್ಕೆ ಹೀಗಿರಲಿಲ್ಲ

ಹಂಪಿಯಲ್ಲಿ ಸಾಮ್ರಾಜ್ಯ ಏಳುವುದಕ್ಕೆ ಐದುನೂರು ವರ್ಷ ಮೊದಲೇ ಕೊಪ್ಪಳದ ಹೆಸರು ಪುಸ್ತಕದಲ್ಲಿತ್ತು. 9ನೇ ಶತಮಾನದ ‘ಕವಿರಾಜಮಾರ್ಗ’ ತಿರುಳ್ಗನ್ನಡದ ನಾಡು ಯಾವುದು ಎಂದು ಹೇಳುವಾಗ ನಾಲ್ಕು ಊರು ಎಣಿಸುತ್ತದೆ. ಅದರಲ್ಲಿ ಕೊಪಣ ಒಂದು. ಈ ಕೊಪಣವೇ ಇಂದಿನ ಕೊಪ್ಪಳ. 10ನೇ ಶತಮಾನದ ರನ್ನ ಕವಿ ದಾನಚಿಂತಾಮಣಿ ಅತ್ತಿಮಬ್ಬೆಯ ನಡತೆ ಎಷ್ಟು ಪವಿತ್ರ ಎಂದು ಹೇಳಲು ಗಂಗಾಜಲದ ಜೊತೆಗೆ ಕೊಪಣದ ಬೆಟ್ಟವನ್ನೂ ಹೋಲಿಕೆಗೆ ತಂದ. ಕೊಪಣ ಆಗ ಜೈನರ ಮಹಾತೀರ್ಥ.

ಅದಕ್ಕೂ ಹಿಂದಕ್ಕೆ ಹೋಗಬೇಕೆ? ಗವಿಮಠದ ಗುಡ್ಡದಲ್ಲಿ, ಪಲ್ಲಕ್ಕಿಯಂತೆ ಕೂತಿರುವ ಪಾಲ್ಕಿಗುಂಡಿನಲ್ಲಿ ಅಶೋಕ ಚಕ್ರವರ್ತಿಯ ಶಾಸನಗಳಿವೆ. ಬ್ರಾಹ್ಮಿ ಅಕ್ಷರ, ಪ್ರಾಕೃತ ಮಾತು, ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಳೆಯವು. ಲೋಕಕ್ಕೆ ಗೊತ್ತಾದದ್ದು 1931ರಲ್ಲಿ. ಗವಿಮಠದ ಜಾತ್ರೆಗೆ ಲಕ್ಷ ಲಕ್ಷ ಜನ ಸೇರುತ್ತಾರೆ, ತೇರು ನೋಡುತ್ತಾರೆ, ಉಂಡು ಹೋಗುತ್ತಾರೆ. ಮೇಲೆ ಬಂಡೆಯ ಮೇಲಿನ ಅಕ್ಷರ ನೋಡಿ ಬಂದವರು ಎಷ್ಟು ಮಂದಿ? ಬೆರಳೆಣಿಕೆ.

ಕೊಪ್ಪಳ ಕೋಟೆಯದೂ ಅದೇ ಹಣೆಬರಹ. ಟಿಪ್ಪು ಸುಲ್ತಾನ ಫ್ರೆಂಚ್ ಎಂಜಿನಿಯರರಿಂದ ಭದ್ರಪಡಿಸಿದ ಕೋಟೆ ಅದು. 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ಮುಂಡರಗಿ ಭೀಮರಾಯ ಹೋರಾಡಿ ಮಡಿದದ್ದೂ ಅಲ್ಲಿಯೇ. ಬಸ್ಸಿನ ಕಿಟಕಿಯಿಂದ ಗುಡ್ಡ ದಿನಾ ಕಾಣುತ್ತದೆ. ಕಂಡದ್ದೆಲ್ಲ ನೋಡಿದಂತಾಗುತ್ತದೆಯೆ?

ಕಲ್ಲಿನ ಮನೆಗಳ ಊರು

ಗಂಗಾವತಿಯಿಂದ ಸುಮಾರು 10 ಕಿ.ಮೀ. ದೂರ ಹಿರೇಬೆಣಕಲ್. ಊರವರು ‘ಮೋರ್ಯರ ಗುಡ್ಡ’ ಎನ್ನುತ್ತಾರೆ. ಹಿಂದಕ್ಕೆ ಅಲ್ಲಿ ಮೋರ್ಯರು ಎಂಬ ಕುಳ್ಳ ಜನ ಇದ್ದರು, ಕಲ್ಲುಮನೆ ಅವರವೇ ಎಂದು ಹಿರಿಯರ ನಂಬಿಕೆ. ಶೋಧಕರು ಹೇಳುವುದು ಬೇರೆ: ಅವು ಮನೆಗಳಲ್ಲ, ಸತ್ತವರಿಗಾಗಿ ಕಟ್ಟಿದ ಸ್ಮಾರಕಗಳು. ಎರಡು ಸಾವಿರ ವರ್ಷಕ್ಕೂ ಹಿಂದಿನವು. ಮೂರು ಕಡೆ ಚಪ್ಪಡಿ ನಿಲ್ಲಿಸಿ ಮೇಲೊಂದು ಚಪ್ಪಡಿ ಮುಚ್ಚಿದ ಇವು ಸಣ್ಣವು ದೊಡ್ಡವು ಸೇರಿ ಸುಮಾರು 400 ಇವೆ. ಬಂಡೆಯ ತುದಿಗೆ ನಗಾರಿಯಾಕಾರದ ಒಂದು ಗುಂಡಿದೆ. ಬಡಿದರೆ ಸದ್ದು ದೂರಕ್ಕೆ ಕೇಳುತ್ತದೆ. 19ನೇ ಶತಮಾನದಲ್ಲೇ ಸುರಪುರದಲ್ಲಿದ್ದ ಮೆಡೋಸ್ ಟೇಲರ್ ಸಾಹೇಬ ಈ ಕಲ್ಲುಮನೆಗಳ ಬಗ್ಗೆ ಬರೆದ. ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಹಿರೇಬೆಣಕಲ್ ಹೆಸರು ಸೇರಿದ್ದು 2021ರಲ್ಲಿ! ಈ ನಡುವೆ ನಿಧಿಯ ಆಸೆಗೆ ಎಷ್ಟೋ ಚಪ್ಪಡಿ ಉರುಳಿದವು. ನಿಧಿಯಂತೂ ಸಿಗಲಿಲ್ಲ, ಇದ್ದ ನಿಧಿ ಹಾಳಾಯಿತು.

ಯಾರೂ ಬರೆಯದ, ಯಾರೂ ಬಾರದ ಜಾಗದ ಗತಿ ಇದು. ನೋಡುವ ಕಣ್ಣಿಲ್ಲದ ಕಡೆ ಕಳ್ಳನ ಕೈ ಆಡುತ್ತದೆ.

ದೇವಾಲಯ ಚಕ್ರವರ್ತಿ

ಇನ್ನು ಇಟಗಿ. ಹಿಂದೆ ಯಲಬುರ್ಗಾ ತಾಲೂಕು, ಈಗ ಕುಕನೂರು ತಾಲೂಕು. ಕಲ್ಯಾಣ ಚಾಲುಕ್ಯರ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ಮಹಾದೇವ ದೇವಾಲಯ ಇಲ್ಲಿದೆ. ಅಲ್ಲಿನ ಶಾಸನ ಅದನ್ನು ‘ದೇವಾಲಯ ಚಕ್ರವರ್ತಿ’ ಎಂದೇ ಕರೆದಿದೆ. 1926ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಹೆನ್ರಿ ಕಸಿನ್ಸ್ ಹಳೇಬೀಡನ್ನು ಬಿಟ್ಟರೆ ಕನ್ನಡ ನಾಡಿನಲ್ಲಿ ಇದೇ ಎಂಬಂತೆ ಹೊಗಳಿದ. ಹಳೇಬೀಡಿಗೆ ದಿನಾ ಬಸ್ಸು ತುಂಬಿ ಜನ. ಚಕ್ರವರ್ತಿಯ ಆಸ್ಥಾನದಲ್ಲಿ ಪಾರಿವಾಳ.

ಹತ್ತಿರದ ಕುಕನೂರಿನಲ್ಲಿ ರಾಷ್ಟ್ರಕೂಟರ ಕಾಲದ ನವಲಿಂಗ ಗುಡಿ ಇದೆ. ಮಹಾಮಾಯೆಗೆ ಕೈಮುಗಿದು ಹಾಗೇ ತಿರುಗುವವರು ಪಕ್ಕದ ಶಿಖರಗಳತ್ತ ಒಮ್ಮೆ ಕತ್ತೆತ್ತಿದರೆ ಸಾಕು. ಕುಷ್ಟಗಿ ತಾಲೂಕಿಗೆ ಹೋದರೆ ಪುರದ ಸೋಮನಾಥ, ಕೋಟಿಲಿಂಗಗಳ ಊರು. ಮಳೆಗಾಲವಾದರೆ ಕಬ್ಬರಗಿ ಬಳಿಯ ಕಪಿಲತೀರ್ಥದಲ್ಲಿ ನೀರು ಧುಮುಕುತ್ತದೆ. ಬರದ ಸೀಮೆಯಲ್ಲಿ ಜಲಪಾತ ಅಂದರೆ ಹೊರಗಿನವರು ನಂಬುವುದಿಲ್ಲ!

ರೈಲು ಬಂತು, ಮುಂದೇನು?

ದಾರಿಯಿಲ್ಲ ಎನ್ನುವ ಕಾರಣ ಈಗ ನಡೆಯದು. 1997ರಲ್ಲಿ ರಾಯಚೂರಿನಿಂದ ಬೇರೆಯಾಗಿ ಕೊಪ್ಪಳ ಜಿಲ್ಲೆಯಾಯಿತು. 2019ರಲ್ಲಿ ಗಂಗಾವತಿಗೆ ರೈಲು ಬಂತು. 2025ರ ಮೇ ತಿಂಗಳಲ್ಲಿ ಕುಕನೂರು, ಯಲಬುರ್ಗಾ ಹಾಯ್ದು ಕುಷ್ಟಗಿಗೂ ರೈಲು ಮುಟ್ಟಿತು. ರೈಲು ಇಳಿದವನು “ಏನ್ರಿ, ಇಲ್ಲಿ ನೋಡೋದು ಏನೈತ್ರಿ?” ಎಂದು ಮೊದಲು ಕೇಳುವುದು ಅಧಿಕಾರಿಯನ್ನಲ್ಲ, ಚಹಾದಂಗಡಿಯವನನ್ನು. “ಏನೂ ಇಲ್ರಿ, ಹಂಪಿಗೆ ಹೋಗ್ರಿ” ಎಂದು ನಾವೇ ಹೇಳಿ ಕಳಿಸಿದರೆ ಆತ ಹೋಗುತ್ತಾನೆ. ಅವನ ಜೊತೆ ಅವನ ರೊಕ್ಕವೂ ಹೋಗುತ್ತದೆ. ಅವನು ನಿಂತಿದ್ದರೆ ಒಂದು ತಟ್ಟೆ ಒಗ್ಗರಣಿ-ಮಿರ್ಚಿ, ಒಂದು ಆಟೋ ಬಾಡಿಗೆ, ಕಿನ್ನಾಳದ ಒಂದು ಬಣ್ಣದ ಗೊಂಬೆ ಖರ್ಚಾಗುತ್ತಿತ್ತು.

ಸರ್ಕಾರದ ಕೆಲಸ ಸರ್ಕಾರ ಮಾಡಲಿ. ಬಸ್‌ಸ್ಟ್ಯಾಂಡಿನಲ್ಲಿ ಹೆಸರು, ದೂರ, ಬಸ್ಸಿನ ಹೊತ್ತು ಬರೆದ ಬೋರ್ಡು, ಗುಡ್ಡದ ಬುಡಕ್ಕೆ ಕುಡಿಯುವ ನೀರು, ಕಲ್ಲುಗಳಿಗೆ ಒಬ್ಬ ಕಾವಲುಗಾರ. ಇದು ಕೋಟಿ ರೂಪಾಯಿಯ ಯೋಜನೆಯಲ್ಲ. ಆದರೆ ಬರೆಯುವ ಕೆಲಸ ಸರ್ಕಾರದ್ದಲ್ಲ. ಕಾಲೇಜಿಗೆ ಹೋಗುವ ಹುಡುಗ-ಹುಡುಗಿಯರು ಒಂದು ಭಾನುವಾರ ಹಿರೇಬೆಣಕಲ್ ಗುಡ್ಡ ಹತ್ತಲಿ. ಹಳ್ಳಿಯ ಹಿರಿಯರನ್ನು ಜೊತೆಗೆ ಕರೆದುಕೊಳ್ಳಲಿ. ಕಂಡದ್ದು, ಕೇಳಿದ್ದು, ದಾರಿ, ನೀರು, ಬಿಸಿಲು ಎಲ್ಲ ಬರೆಯಲಿ. ಗಾದೆ ಕಟ್ಟಿದವರು ಯಾವ ಕಾಲೇಜಿಗೂ ಹೋದವರಲ್ಲ. ಒಂದೇ ಸಾಲಿನಲ್ಲಿ ಕನಕಗಿರಿಯ ಹೆಸರು ಇಷ್ಟು ಕಾಲ ಉಳಿಸಿದರು.

ಇಟಗಿಗೆ, ಪುರಕ್ಕೆ, ಹಿರೇಬೆಣಕಲ್ಲಿಗೆ ಅಂಥ ಒಂದೊಂದು ಸಾಲು ಇನ್ನೂ ಬಾಕಿ ಇದೆ.