ಮೇನಕೆ ಯಾವ ಸೀರೆ ಉಡಬೇಕು?

ದೀಪಾವಳಿ ಕಳೆದು ಮೇಳಗಳು ಹೊರಟರೆ ಪತ್ತನಾಜೆಗೆ ಗೆಜ್ಜೆ ಬಿಚ್ಚುವ ತನಕ ಕುಂಬಳೆ ಸೀಮೆಯಲ್ಲಿ ಯಕ್ಷಗಾನದ ಆಟಕ್ಕೆ ಬರವಿಲ್ಲ. ಪ್ರಸಂಗಕರ್ತ ಪಾರ್ತಿಸುಬ್ಬನ ನಾಡಲ್ಲವೇ! ಮಗ್ಗುಲಲ್ಲೇ ಇರುವ ಪುತ್ತಿಗೆಯ ಹೆಸರಂತೂ ಭಾಗವತ ರಘುರಾಮ ಹೊಳ್ಳರ ಹೆಸರಿನೊಂದಿಗೆ ಧರ್ಮಸ್ಥಳ ಮೇಳದ ರಂಗಸ್ಥಳಕ್ಕೇ ಏರಿದೆ. ಇಲ್ಲಿನ ಹಳೆಯ ಪ್ರೇಕ್ಷಕರಲ್ಲಿ ಬಣ್ಣದ ವೇಷದ ಮಾತೆತ್ತಿದರೆ ಚುಟ್ಟಿ ಇಡುವ ಕ್ರಮದಿಂದ ಹಿಡಿದು ಕಿರೀಟದ ಅಂದದ ತನಕ ವಿವರಿಸುತ್ತಾರೆ. ಸ್ತ್ರೀವೇಷ ಎಂದರೆ ಮಾತ್ರ ಕಟ್ಟಳೆ ಹೇಳುವುದಿಲ್ಲ, ಕಲಾವಿದರ ಹೆಸರು ಹೇಳುತ್ತಾರೆ: ಕೋಳ್ಯೂರು, ಪಾತಾಳ.

ಅದಕ್ಕೆ ಕಾರಣವಿದೆ. ಇಲ್ಲಿನ ತೆಂಕುತಿಟ್ಟು ಶೈಲಿಯ ಪುರುಷವೇಷಕ್ಕೆ ತನ್ನದೇ ಆದ ಲೋಕವುಂಟು. ಬೇಗಡೆ ಹಚ್ಚಿದ ಮರದ ಆಭರಣ, ಭುಜಕೀರ್ತಿ, ಕಿರೀಟ ಇವನ್ನೆಲ್ಲ ತೊಟ್ಟು ಬಂದವನನ್ನು ಬೀದಿಯಲ್ಲಿ ಕಂಡವರಿಲ್ಲ. ಸ್ತ್ರೀವೇಷ ಹಾಗಲ್ಲ. ಪ್ರಮೀಳೆಯಂಥ ವೀರನಾರಿಯರ ಕಸೆ ವೇಷವನ್ನು ಬಿಟ್ಟರೆ, ಉಳಿದ ಹೆಣ್ಣುಗಳೆಲ್ಲ ನಮ್ಮ ಮನೆಯ ಹೆಂಗಸರಂತೆ ಸೀರೆ ರವಿಕೆಯಲ್ಲೇ ಬಂದರು. ಹಾಗಾಗಿ ಜವಳಿ ಅಂಗಡಿಗೆ ಹೊಸತೇನು ಬಂದರೂ ವೇಷ ಕಟ್ಟುವ ಚೌಕಿಗೆ ಬರಲು ತಡವಾಗಲಿಲ್ಲ. ಹಳೆಯ ಮೇಳದ ಗುಂಪು ಫೋಟೋ ಸಿಕ್ಕಿದರೆ ಕಾಲ ಊಹಿಸಲು ಅರ್ಜುನನನ್ನು ನೋಡಿ ಪ್ರಯೋಜನವಿಲ್ಲ. ಸುಭದ್ರೆಯ ರವಿಕೆಯ ತೋಳು ನೋಡಿ. ಉಬ್ಬುತೋಳೋ, ಮೊಣಕೈವರೆಗಿನದೋ, ಸೆರಗಿಗೆ ಪಿನ್ನು ಹಾಕಿದೆಯೋ, ಸೀರೆ ಕೈಮಗ್ಗದ್ದೋ ಜಾರ್ಜೆಟ್ಟೋ.

ಜಪಾನಿನ ಉಕಿಯೋ-ಎ ಎಂಬ ಮರದಚ್ಚಿನ ಚಿತ್ರಗಳ ಕಾಲವನ್ನು ತಿಳಿದವರು ಗುರುತಿಸುವುದೂ ಹೀಗೆಯೇ, ಹೆಂಗಸರ ಮುಡಿ, ಕೆನ್ನೆಯ ಪಕ್ಕದ ಕೂದಲು, ಸೊಂಟಪಟ್ಟಿಯ ಅಗಲ ನೋಡಿ. ಇಂದಿನ ಟೋಕಿಯೋ ಆಗಿನ ಎದೋ. ಅಲ್ಲಿನ ಯೋಶಿವಾರಾ ಸರ್ಕಾರದ ಪರವಾನಗಿ ಇದ್ದ ವೇಶ್ಯಾವಾಟಿ. 1765ರ ಹೊತ್ತಿಗೆ ಹಲವು ಬಣ್ಣಗಳ ಅಚ್ಚು ಕೈಗೂಡಿದ ಮೇಲೆ ಅಲ್ಲಿನ ಹೆಸರಾಂತ ಗಣಿಕೆಯರು ಮನೆಮನೆಯ ಚಿತ್ರವಾದರು. 1770ರ ದಶಕದಲ್ಲಿ ಕೊರ್ಯುಸಾಯಿ ಎಂಬ ಕಲಾವಿದ ಹೊಸ ಕಿಮೋನೊ ಮಾದರಿಗಳನ್ನು ತೊಟ್ಟ ಗಣಿಕೆಯರ ಮಾಲಿಕೆಯೊಂದನ್ನು ಶುರುಮಾಡಿದ. ನೂರಕ್ಕೂ ಹೆಚ್ಚು ಚಿತ್ರಗಳು ಬಂದವು. ಒಂದೇ ಹಾಳೆಯಲ್ಲಿ ಬಟ್ಟೆಗೂ ಹೆಣ್ಣಿಗೂ ಜಾಹೀರಾತು. ಸಾಲದ ಕರಾರಿಗೆ ಸಿಕ್ಕಿದ್ದ ಆ ಹುಡುಗಿಯರ ಬದುಕು ಚಿತ್ರದಲ್ಲಿ ಕಾಣುವುದಿಲ್ಲ, ರೇಷ್ಮೆಯಷ್ಟೇ ಕಾಣುತ್ತದೆ. ಅದೇ ಊರಿನ ಕಬುಕಿ ರಂಗದಲ್ಲಿ 1629ರಿಂದ ಹೆಂಗಸರಿಗೆ ನಿಷೇಧ. ಹೆಣ್ಣು ಪಾತ್ರ ಮಾಡಿದ್ದು ಗಂಡಸರು. ಅಂಥ ಒಬ್ಬ ನಟ, ಎರಡನೆಯ ಸೆಗಾವಾ ಕಿಕುನೋಜೋ ಉಟ್ಟ ಕಂದುಹಸಿರು ಬಣ್ಣಕ್ಕೆ ಅವನ ಹೆಸರೇ ಅಂಟಿತು, ಊರ ಹೆಂಗಸರು ಅದನ್ನು ಉಟ್ಟರು.

ನಮ್ಮಲ್ಲಿ ಹೆಂಗಸರು ವೇಷಧಾರಿಯನ್ನು ಅನುಕರಿಸಿದ್ದಕ್ಕಿಂತ ವೇಷಧಾರಿಯೇ ಹೆಂಗಸರನ್ನು ಅನುಕರಿಸಿದ್ದು ಹೆಚ್ಚು. ಜೊತೆಗೆ ಅಚ್ಚಿನ ಚಿತ್ರಗಳೂ ಸೇರಿದವು. 1894ರಲ್ಲಿ ರಾಜಾ ರವಿವರ್ಮ ಮುಂಬಯಿಯಲ್ಲಿ ಕಲ್ಲಚ್ಚಿನ ಛಾಪಖಾನೆ ತೆರೆದ ಮೇಲೆ ದಮಯಂತಿ, ಶಕುಂತಲೆ, ಮೇನಕೆಯರು ಗೋಡೆಗೆ ಬಂದರು. ಇವರೇ ನಮ್ಮ ಪ್ರಸಂಗಗಳ ನಾಯಕಿಯರು. ಗೋಡೆಯ ದಮಯಂತಿಯನ್ನು ದಿನವೂ ನೋಡುವ ಪ್ರೇಕ್ಷಕನಿಗೆ ರಂಗಸ್ಥಳದ ದಮಯಂತಿ ಬೇರೆ ಥರ ಕಂಡರೆ ಒಪ್ಪಿಗೆಯಾಗುವುದು ಕಷ್ಟವೇ. ಆಮೇಲೆ ನಾಟಕ ಕಂಪನಿಗಳು, ಸಿನಿಮಾ.

ಈ ಹರಿವಿಗೆ ಎದುರು ನಿಂತವರು ಉಪ್ಪಿನಂಗಡಿಯ ಪಾತಾಳ ವೆಂಕಟರಮಣ ಭಟ್ಟರು. ಮೇನಕೆ, ಊರ್ವಶಿ, ಮೋಹಿನಿಯರಾಗಿ ಹೆಸರು ಮಾಡಿದ ಇವರಿಗೆ ದೇವಲೋಕದ ಗಣಿಕೆ ಪೇಟೆಯ ಸೀರೆಯಲ್ಲಿ ಬರುವುದು ಸರಿಕಾಣಲಿಲ್ಲ. ಬೇಲೂರಿನ ಶಿಲಾಬಾಲಿಕೆಯರನ್ನು ನೋಡಿ, ಅವರ ಮೈಮೇಲಿನ ಒಡವೆಗಳ ಮಾದರಿಯಲ್ಲಿ ಸ್ತ್ರೀವೇಷದ ಆಭರಣಗಳನ್ನು ರೂಪಿಸಿಕೊಂಡರು. ಬಳಪದ ಕಲ್ಲಿನಲ್ಲಿ ಕೆತ್ತಿದ್ದನ್ನು ಕುಣಿಯುವ ಮೈಗೆ ಹೊಂದಿಸುವುದು ಸುಲಭವಲ್ಲ. ಕಲ್ಲಿನ ಸರಕ್ಕೆ ತೂಕದ ಚಿಂತೆಯಿಲ್ಲ, ಧಿಗಿಣ ಹಾಕುವವನ ಸರ ಮುಖಕ್ಕೆ ಹಾರಬಾರದು. ಡಾಬು ಜಾರಬಾರದು. ಪುರುಷವೇಷಕ್ಕೆ ಮೊದಲಿನಿಂದಲೂ ಇದ್ದ ‘ಲೋಕದ್ದಲ್ಲದ’ ಅಂದವನ್ನು ಸ್ತ್ರೀವೇಷಕ್ಕೂ ತರಲು ಹೊರಟ ಕೆಲಸವಿದು. ನನ್ನ ಮಟ್ಟಿಗೆ ತೆಂಕಿನ ವೇಷಭೂಷಣದಲ್ಲಿ ಇದಕ್ಕಿಂತ ದೊಡ್ಡ ಆಲೋಚನೆ ಕಾಣೆ.

ಬಟ್ಟೆಯೇ ಎಲ್ಲ ಅಲ್ಲ ಎನ್ನುವವರಿಗೂ ಸಾಕ್ಷಿ ಉಂಟು. ಗಡಿನಾಡಿನವರೇ ಆದ ಕೋಳ್ಯೂರು ರಾಮಚಂದ್ರ ರಾಯರ ದಾಕ್ಷಾಯಿಣಿಯನ್ನು ನೋಡಿದವರು ಅವರ ಸೀರೆಯ ಬಣ್ಣ ಹೇಳಲಾರರು. ತಂದೆಯ ಯಜ್ಞಶಾಲೆಯಲ್ಲಿ ಅವಮಾನಕ್ಕೊಳಗಾದ ಮಗಳ ಮಾತಿನ ಏರಿಳಿತವನ್ನು ಹೇಳುತ್ತಾರೆ. ಕುಂಬಳೆ ಶ್ರೀಧರ ರಾಯರ ಅಮ್ಮು ಬಲ್ಲಾಳ್ತಿಯೂ ಹಾಗೆ. ಅಲ್ಲಿ ಬೇಕಾದದ್ದು ಬೀಡಿನ ಯಜಮಾನಿಯ ಗತ್ತು, ಥಳುಕಲ್ಲ.

ಇವತ್ತಿನ ಝಗಝಗಿಸುವ ಮಿಂಚಿನ ಸೀರೆಗಳ ಬಗ್ಗೆ ಹಿರಿಯರು ಗೊಣಗುತ್ತಾರೆ. ಅರ್ಧ ಒಪ್ಪುತ್ತೇನೆ. ದೀವಟಿಗೆಯ ಬೆಳಕು ಗ್ಯಾಸ್‌ಲೈಟಾಗಿ, ಆಮೇಲೆ ವಿದ್ಯುತ್ ದೀಪವಾದಾಗಲೇ ಬಣ್ಣ ಬಟ್ಟೆ ಎರಡರ ಲೆಕ್ಕವೂ ತಪ್ಪಿತ್ತು. ಮಂದ ಬೆಳಕಿಗೆ ಹೊಂದುತ್ತಿದ್ದ ಮುಖವರ್ಣಿಕೆ ಟ್ಯೂಬ್‌ಲೈಟಿಗೆ ರಾಚುತ್ತದೆ. ಬದಲಾದದ್ದು ಬೆಳಕು, ಬಟ್ಟೆ ಮಾತ್ರವಲ್ಲ, ವೇಷ ಮಾಡುವವರೂ. ಈಗ ಕಾಸರಗೋಡಿನ ಕಡೆಯ ಹೆಣ್ಣುಮಕ್ಕಳೂ ಕಲಿತು ವೇಷ ಮಾಡುತ್ತಾರೆ, ಅವರಲ್ಲಿ ಹಲವರಿಗೆ ಇಷ್ಟ ತರುಣ ವೀರರ ಪುಂಡುವೇಷ. ತಿರುಗಾಟದ ಮೇಳಗಳ ಸ್ತ್ರೀವೇಷ ಮಾತ್ರ ಇಂದಿಗೂ ಬಹುಮಟ್ಟಿಗೆ ಗಂಡಸರ ಪಾಲಿನದೇ. ಕಬುಕಿಯಲ್ಲೂ ಅಷ್ಟೆ.